ಕಿಟಕಿ: ಎಂದಿನಂತೆ ಮುಚ್ಚಿದೆ

ಹೋದ ತಿಂಗಳು ನನ್ನ ತಂಗಿ ಹಡೆದಳು. ಮೂರನೆಯ ದಿನ ಬೆಳಿಗ್ಗೆ ನಮ್ಮವ್ವ ಒಂದು ಹಳೆಯ ತಟ್ಟೆಯಲ್ಲಿ ಕೆಂಡ ಹಾಕಿಕೊಂಡು ಬಂದು, ಅದರ ಮೇಲೆ ಒಂದು ಹಿಡಿ ಬೆಳ್ಳುಳ್ಳಿ ಸಿಪ್ಪೆಯನ್ನೂ ಅಜವಾನವನ್ನೂ ಉದುರಿಸಿದಳು. ಮಿಂದು ಬಂದ ತಂಗಿ ಕೂದಲು ಬಿಚ್ಚಿ ಆ ಹೊಗೆಯ ಮೇಲೆ ಬಾಗಿದಳು. ನಮ್ಮ ಕಡೆ ಯಾವ ಮನೆಯಲ್ಲಾದರೂ ನಡೆಯುವಂಥದ್ದು. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಎದ್ದು ಎರಡೂ ಕಿಟಕಿ ತೆರೆದೆ, ಬಾಗಿಲ ಪರದೆಯನ್ನು ಎತ್ತಿ ಮೊಳೆಗೆ ಸಿಕ್ಕಿಸಿದೆ.

"ಏನ ಮಾಡಾಕತ್ತಿ? ಕೂಸಿಗೆ ಥಂಡಿ ಹತ್ತತೈತಿ," ಅಂದಳು ಅವ್ವ.

"ಹತ್ತಲಿ," ಅಂದೆ. ತಂಗಿ ಕೂದಲ ನಡುವಿನಿಂದ ನನ್ನ ಮುಖ ನೋಡಿದಳು. ಇಬ್ಬರಿಗೂ ನಾನು ಏನೂ ವಿವರಿಸಲಿಲ್ಲ. ಅಸಂಗಿ ಹಾದಿಯ ಆ ವಸ್ತಿಯ ಕತೆಯನ್ನು ನಾನು ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಕೊರೊನಾದ ಎರಡನೆಯ ಅಲೆ ಇಳಿದ ವರ್ಷದ ಚಳಿಗಾಲ ಅದು. ಮುಚ್ಚಿದ ಕೋಣೆಯ ಗಾಳಿಯ ಬಗ್ಗೆ ಜನ ಆಗ ಹೊಸದಾಗಿ ಮಾತಾಡತೊಡಗಿದ್ದರು. ಪುಣೆ ಕಡೆಯ ಒಂದು ಸಂಸ್ಥೆಯವರು ಹಳ್ಳಿಮನೆಗಳ ಬಾಣಂತಿ ಕೋಣೆಗಳಲ್ಲಿ ಹೊರಗಿನ ಗಾಳಿ ಎಷ್ಟು ಒಳಗೆ ಬರುತ್ತದೆ, ಬಂದದ್ದು ಮಲಗಿದವಳ ಮೂಗಿನವರೆಗೆ ಮುಟ್ಟುತ್ತದೆಯೋ ಇಲ್ಲವೋ ಎಂದು ಅಳೆಯುವ ಕೆಲಸ ಹಿಡಿದಿದ್ದರು. ನಾನು ಬಿ.ಎಸ್ಸಿ. ಮುಗಿಸಿ ಜತ್ತದ ನಮ್ಮ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಅವರಿಗೆ ಕನ್ನಡ, ಮರಾಠಿ ಎರಡೂ ಬರುವವಳು ಬೇಕಿತ್ತು. ಯಾಕೆಂದರೆ ಈ ಗಡಿಯ ಹಳ್ಳಿಗಳಲ್ಲಿ ಕಾಗದವೆಲ್ಲ ಮರಾಠಿಯಲ್ಲಿ, ಮನೆಯ ಮಾತೆಲ್ಲ ಕನ್ನಡದಲ್ಲಿ. ಆರು ತಿಂಗಳ ಕೆಲಸ, ಒಂದು ಚೀಲ, ಕೊರಳಿಗೊಂದು ಗುರುತಿನ ಚೀಟಿ. ಹಳ್ಳಿಗಳಲ್ಲಿ ಎಲ್ಲರೂ ನನ್ನನ್ನು ಸರಕಾರದವಳು ಅಂದುಕೊಂಡರು. ನಾನೂ ಅಲ್ಲವೆನ್ನಲಿಲ್ಲ.

ಚೀಲದಲ್ಲಿ ಅಂಗೈಯಷ್ಟು ದೊಡ್ಡ ಮೂರು ಬಿಳಿ ಪೆಟ್ಟಿಗೆಗಳಿದ್ದವು. ನಾವು ಉಸಿರು ಬಿಟ್ಟಾಗ ಹೊರಬರುವ ಗಾಳಿ ಕೋಣೆಯಲ್ಲಿ ಎಷ್ಟು ಕೂಡಿಕೊಂಡಿದೆ ಎಂದು ಅವು ಅಂಕಿಯಲ್ಲಿ ತೋರಿಸುತ್ತಿದ್ದವು. ಒಂದನ್ನು ಬಾಗಿಲ ಹತ್ತಿರ, ಒಂದನ್ನು ಬಾಣಂತಿಯ ತಲೆದಿಂಬಿನ ಹತ್ತಿರ, ಒಂದನ್ನು ಕೋಣೆಯ ನಡುವೆ ಇಡಬೇಕು. ಮೂರು ದಿನ ಅವು ಅಲ್ಲೇ ಇರಬೇಕು. ಬಾಣಂತಿ, ಕೂಸು ಬಚ್ಚಲಿಗೆ ಹೋದ ಹೊತ್ತಿನಲ್ಲಿ ಮಂಚದ ಕೆಳಗೆ ಕಾವಿಗೆಂದು ಇಡುವ ಕೆಂಡದ ಶೇಗಡಿಯನ್ನು ಹೊರಗಿಡಿಸಿ, ಸಣ್ಣ ಸಿಲಿಂಡರಿನಿಂದ ಅದೇ ಗಾಳಿಯನ್ನು ಕೋಣೆಗೆ ಬಿಟ್ಟು, ಬೀಸಣಿಕೆಯಿಂದ ಚೆನ್ನಾಗಿ ಕಲಸಿ, ಆಮೇಲೆ ಅದು ಎಷ್ಟು ಬೇಗ ಇಳಿಯುತ್ತದೆ ಎಂದು ನೋಡುತ್ತಿದ್ದೆ. ಬೇಗ ಇಳಿದರೆ ಹೊಸ ಗಾಳಿ ಬರುತ್ತಿದೆ ಎಂದರ್ಥ. ಒಂದು ಮೂಲೆಯಲ್ಲಿ ಇಳಿದು ಇನ್ನೊಂದು ಮೂಲೆಯಲ್ಲಿ ಇಳಿಯದಿದ್ದರೆ, ಗಾಳಿ ಮನೆಗೆ ಬಂದರೂ ಆ ಮೂಲೆಗೆ ಹೋಗುತ್ತಿಲ್ಲ ಎಂದರ್ಥ. ಕೆಲಸ ಸರಳವಾಗಿತ್ತು, ನನಗೆ ಇಷ್ಟವೂ ಆಗಿತ್ತು.

ಕಷ್ಟವಿದ್ದದ್ದು ಜನರ ಮರ್ಯಾದೆಯಲ್ಲಿ. ಮುಚ್ಚಂಡಿಯಲ್ಲಿ, ಸೊರಡಿಯಲ್ಲಿ, ನಾನು ಬರುವುದು ತಿಳಿದದ್ದೇ ಮನೆಯವರು ಕೋಣೆ ಗುಡಿಸಿ, ಕಿಟಕಿಗೆ ತುರುಕಿದ್ದ ಗೋಣಿಚೀಲ ಕಿತ್ತು, "ನೋಡ್ರಿ ಬಾಯಾರ, ನಮ್ಮ ಮನ್ಯಾಗ ಗಾಳಿ ಭಾಳ ಐತಿ" ಎಂದು ತೋರಿಸುತ್ತಿದ್ದರು. ನಾನು ಹೊರಟ ಮೇಲೆ ಮತ್ತೆ ಗೋಣಿಚೀಲ. ಒಂದು ಸಂಜೆ ಪುಣೆಯಿಂದ ನಮ್ಮ ಮ್ಯಾಡಂ ಫೋನು ಮಾಡಿದರು. ಒಳ್ಳೆಯ ಹೆಂಗಸು, ಯಾವತ್ತೂ ದನಿ ಏರಿಸಿದವರಲ್ಲ. ಅವತ್ತು ಮಾತ್ರ ಮರಾಠಿಯಲ್ಲಿ ಚೆನ್ನಾಗಿ ಬೈದರು. "ಸುವರ್ಣಾ, ನಾಲ್ಕು ಮನೆಯ ಲೆಕ್ಕ ಕೆಟ್ಟಿದೆ. ಅವರು ನಿನಗೋಸ್ಕರ ಕಿಟಕಿ ತೆಗೆಯುತ್ತಾರೆ, ನೀನು ನಂಬುತ್ತೀಯ. ನಮಗೆ ಬೇಕಾದದ್ದು ದಿನದಿನದ ಗಾಳಿ, ನೆಂಟರು ಬಂದಾಗಿನ ಗಾಳಿಯಲ್ಲ. ಇನ್ನು ಮುಂದೆ ಕೋಣೆ ಎಂದಿನಂತೆ ಇರಲಿ ಎಂದು ಗಟ್ಟಿಯಾಗಿ ಹೇಳು."

ಬೈಸಿಕೊಂಡ ಅವಮಾನ ಇನ್ನೂ ಬಿಸಿಯಾಗಿರುವಾಗಲೇ ನಾನು ಬಾಳವ್ವನ ಮನೆಗೆ ಹೋದೆ.

ಅಸಂಗಿ ಹಾದಿಯಲ್ಲಿ ಬಸ್ಸು ಇಳಿದು ಜೋಳದ ಹೊಲಗಳ ನಡುವೆ ಅರ್ಧ ತಾಸು ನಡೆದರೆ ಕುರುಬರ ಐದಾರು ಮನೆಗಳ ವಸ್ತಿ. ಎಳ್ಳು ಅಮಾವಾಸ್ಯೆ ಮುಗಿದು ಸಂಕ್ರಮಣ ಹತ್ತಿರ ಬಂದಿತ್ತು. ಬಡಗಣ ಗಾಳಿ ಬೆಳಗಿನಿಂದ ಬೀಸುತ್ತಲೇ ಇರುತ್ತಿತ್ತು. ಬಿಸಿಲಿದ್ದರೂ ಕೈಬೆರಳು ಬಿಳಿಚುತ್ತಿದ್ದವು. ವಸ್ತಿಯ ಗಂಡಸರೆಲ್ಲ ದೀಪಾವಳಿ ಮುಗಿಸಿಕೊಂಡು ಕುರಿ ಹೊಡೆದುಕೊಂಡು ಕೃಷ್ಣಾ ನದಿಯ ಕಡೆ ಹೋಗಿದ್ದರು. ಬಾಳವ್ವನ ಮಗ ಬೀರಪ್ಪನೂ ಹೋಗಿದ್ದ. ಮನೆಯಲ್ಲಿದ್ದವರು ಬಾಳವ್ವ, ಸೊಸೆ ಮಾಯವ್ವ, ಮಾಯವ್ವನ ಹದಿನೈದು ದಿನದ ಹೆಣ್ಣುಕೂಸು. ಜೊತೆಗೆ ದಾರಿ ನಡೆಯಲಾರದ ಹತ್ತಿಪ್ಪತ್ತು ಕುರಿಮರಿಗಳು.

ಹಳ್ಳಿಯ ಆಶಾ ಕಾರ್ಯಕರ್ತೆ ರೇಣುಕಕ್ಕ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದಳು. ಸರಕಾರದ ಮನೆ ಯೋಜನೆಯಲ್ಲಿ ಬಾಳವ್ವನವರಿಗೆ ಹೊಸದಾಗಿ ಒಂದು ಕೋಣೆಯ ಸ್ಲ್ಯಾಬಿನ ಮನೆಯಾಗಿತ್ತು. ಎರಡು ಕಡೆ ಸಂದಿಲ್ಲದ ಗೋಡೆ, ಒಂದು ಕಬ್ಬಿಣದ ಬಾಗಿಲು, ಬಾಗಿಲ ಮೇಲೆ ಗಾಳಿಗೊಂದು ಸಣ್ಣ ಜಾಳಿಗೆ ಕಿಂಡಿ, ಎದುರು ಗೋಡೆಯಲ್ಲಿ ಒಂದು ಕಿಟಕಿ. ಆ ಕಿಟಕಿಯ ಕೆಳಗೆ ಮಾಯವ್ವ ಮಲಗುವ ಹೊರಸು, ಹೊರಸಿನ ಕೆಳಗೆ ಕೆಂಡದ ಶೇಗಡಿ. ಕೂಸಿನ ಜೋಳಿಗೆ ಬಾಗಿಲ ಹತ್ತಿರ ಕಟ್ಟಿತ್ತು.

ಕಿಟಕಿ ತೆರೆದಿತ್ತು. ಗಾಳಿ ನೇರ ಒಳಗೆ ಬರುತ್ತಿತ್ತು.

"ಆಯಿ, ಈ ಕಿಡಕಿ ಯಾವಾಗ ತಗದೀರಿ?" ಅಂತ ಕೇಳಿದೆ.

"ದಿನಾ ತಗದಽ ಇರತೈತಿ," ಅಂದಳು ಬಾಳವ್ವ. ಅರವತ್ತು ದಾಟಿದ, ಉದ್ದನೆಯ, ಒಣಕಲು ಹೆಂಗಸು. ಮಾತಾಡುವಾಗಲೂ ಕೈಯಲ್ಲಿ ಉಣ್ಣೆ ಬಿಡಿಸುತ್ತಲೇ ಇದ್ದಳು.

"ಇಷ್ಟ ಥಂಡ್ಯಾಗ? ಬಾಣಂತಿ ಖೋಲ್ಯಾಗ?"

"ನಾ ನಾಕ ಮಕ್ಕಳನ ಕುರಿ ಹಿಂದ ಬಯಲಾಗ ಹಡದಾಕಿ, ಬಾಯಾರ. ಮ್ಯಾಲ ಆಕಾಶ, ಸುತ್ತ ಕುರಿ. ಈ ಸಿಮಿಟಿನ ಮನಿ ನನಗ ಉಸುರ ಹಿಡದಂಗ ಆಗತೈತಿ. ಬೆಂಕಿ ಬೇಕಂತಾರ, ಇಟ್ಟೀನಿ. ಕಿಡಕಿ ಮುಚ್ಚಂತಾರ, ನಾ ಮುಚ್ಚಂಗಿಲ್ಲ."

ನಾನು ರೇಣುಕಕ್ಕನ ಮುಖ ನೋಡಿದೆ. ಅವಳು ಭುಜ ಹಾರಿಸಿದಳು. ಅವಳಿಗೂ ಗೊತ್ತಿರಲಿಲ್ಲ. ನನಗೆ ಅಲ್ಲಿಯವರೆಗೆ ಹೋದ ಮನೆಗಳೆಲ್ಲ ಕಣ್ಣೆದುರು ಬಂದವು. ಎಲ್ಲ ಅತ್ತೆಯರೂ ನನಗೆ ಹೀಗೆಯೇ ಹೇಳಿದ್ದರು. ಈಕೆ ಸ್ವಲ್ಪ ಚೆಂದಾಗಿ ಹೇಳುತ್ತಾಳೆ, ಅಷ್ಟೇ ಅಂದುಕೊಂಡೆ. ಚೀಲದಿಂದ ಫಾರಂ ತೆಗೆದು, "ಕಿಟಕಿಯ ಸ್ಥಿತಿ" ಎಂಬ ಸಾಲಿನ ಮುಂದೆ ಮರಾಠಿಯಲ್ಲಿ ಬರೆದೆ: ಎಂದಿನಂತೆ ಮುಚ್ಚಿದೆ.

"ಆಯಿ, ಮೂರು ದಿನ ಈ ಕಿಡಕಿ ಮುಚ್ಚಿ ಇಡ್ರಿ. ನಾ ಹೇಳೂತನಕ ತಗಿಬ್ಯಾಡ್ರಿ," ಅಂದೆ.

"ಮುಚ್ಚೂದಾ?" ಬಾಳವ್ವನ ಕೈ ಉಣ್ಣೆಯಲ್ಲಿ ನಿಂತಿತು. "ಗಾಳಿ ಅಳಿಯಾಕ ಬಂದೀರಿ, ಗಾಳಿ ಬಂದ ಮಾಡಂತೀರಿ?"

"ಖರೇ ಅಳತಿ ಬರಬೇಕಂದ್ರ ದಿನಾ ಹೆಂಗ ಇರತೈತಿ ಹಂಗ ಇರಬೇಕ್ರಿ ಆಯಿ."

ಆಕೆ ಇನ್ನೇನೋ ಹೇಳಲು ಬಾಯಿ ತೆರೆದಳು. ನನ್ನ ಕೊರಳಿನ ಚೀಟಿ ನೋಡಿದಳು. ಎದ್ದು ಹೋಗಿ ಕಿಟಕಿ ಎಳೆದು ಚಿಲಕ ಹಾಕಿದಳು. ಹೊಸ ಕಿಟಕಿ, ಒಂದು ಎಳೆ ಸಂದೂ ಬಿಡದಂತೆ ಕೂತುಕೊಂಡಿತು.

ಆ ಮೂರು ದಿನಗಳಲ್ಲಿ ನಾನು ಮಾಯವ್ವನ ಸ್ನೇಹ ಮಾಡಿಕೊಂಡೆ. ನನಗಿಂತ ಎರಡು ವರ್ಷ ಚಿಕ್ಕವಳು. ಅವಳ ಒಂದು ವಿದ್ಯೆಯನ್ನು ವಸ್ತಿಯವರೆಲ್ಲ ಹೇಳುತ್ತಿದ್ದರು. ಮೇಯ್ದು ಬಂದ ಹಿಂಡು ಸಂಜೆ ಹಟ್ಟಿಗೆ ಸೇರಿದಾಗ ಮರಿಗಳೆಲ್ಲ ಒಮ್ಮೆಗೇ ಅರಚುತ್ತ ತಾಯಿಗಳನ್ನು ಹುಡುಕುತ್ತವೆ. ಆ ಗದ್ದಲದಲ್ಲಿ ಮಾಯವ್ವ ಒಂದೊಂದು ಮರಿಯನ್ನೂ ಎತ್ತಿ ಅದರ ತಾಯಿಯ ಹತ್ತಿರವೇ ಬಿಡುತ್ತಿದ್ದಳಂತೆ. ಒಂದೂ ತಪ್ಪುತ್ತಿರಲಿಲ್ಲ. ಹೇಗೆ ಗುರುತು ಹಿಡಿಯುತ್ತೀ ಎಂದು ಕೇಳಿದರೆ ನಕ್ಕಳು. "ನಿಮಗ ನಿಮ್ಮ ಗೆಳತ್ಯಾರ ಮಾರಿ ಗುರುತ ಸಿಗಂಗಿಲ್ಲೇನ್ರಿ? ಹಂಗ."

ಎರಡನೆಯ ದಿನ ಅವಳು ನಗಲಿಲ್ಲ. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಬಾಳವ್ವ ನನ್ನನ್ನು ಅಂಗಳದಲ್ಲೇ ನಿಲ್ಲಿಸಿದಳು.

"ಬಾಯಾರ, ಇಕಿ ತಲಿ ಭಾಳ ನೋಯಾಕತ್ತೈತಿ. ಮುಂಜಾನೆ ಎದ್ದಾಗಿಂದ ವಾಂತಿ ಬಂದಂಗ ಅಂತಾಳ. ಕಿಡಕಿ ತಗೀಲೇನು?"

"ಇನ್ನ ಒಂದ ದಿನ ಆಯಿ. ಈಗ ತಗದ್ರ ಮೊದಲಿಂದ ಮಾಡಬೇಕಾಗತೈತಿ."

ಒಂದು ದಿನ. ಫಾರಮಿನ ಕೊನೆಯಲ್ಲಿ ಷರಾ ಬರೆಯುವ ಜಾಗವಿತ್ತು. ಅಲ್ಲಿ "ಬಾಣಂತಿಗೆ ತಲೆನೋವು" ಎಂದು ದುಂಡಗೆ ಬರೆದೆ.

ಅವತ್ತಿನ ಅಳತೆ ನನಗೆ ಇವತ್ತಿಗೂ ನೆನಪಿದೆ. ಬಾಗಿಲ ಹತ್ತಿರದ ಪೆಟ್ಟಿಗೆಯ ಅಂಕಿ ಸರಸರನೆ ಇಳಿಯಿತು. ದಿಂಬಿನ ಹತ್ತಿರದ್ದು ಇಳಿಯಲೇ ಇಲ್ಲ ಎನ್ನಬೇಕು. ಹೊಸ ಗಾಳಿ ಬಾಗಿಲ ಕೆಳಗಿನ ಸಂದಿಯಿಂದ ಬಂದು, ಅದೇ ಬಾಗಿಲ ಮೇಲಿನ ಜಾಳಿಗೆಯಿಂದ ಹೊರಟುಹೋಗುತ್ತಿತ್ತು. ಕೋಣೆಯ ಆಚೆ ತುದಿಗೆ ಅದು ಹೋಗುತ್ತಲೇ ಇರಲಿಲ್ಲ. ಪುಣೆಯ ತರಬೇತಿಯಲ್ಲಿ ಹಲಗೆಯ ಮೇಲೆ ಬರೆದು ತೋರಿಸಿದ್ದ ಚಿತ್ರವೇ ನನ್ನ ಕೈಗೆ ಸಿಕ್ಕಿತ್ತು. ಆ ಹೊತ್ತಿನಲ್ಲಿ ನನಗಾದದ್ದು ಗಾಬರಿಯಲ್ಲ, ಸಂತೋಷ. ಇಷ್ಟು ಸ್ಪಷ್ಟವಾದ ಅಳತೆ ಯಾವ ಮನೆಯಲ್ಲೂ ಬಂದಿರಲಿಲ್ಲ. ಕಾಗದದ ಮೇಲೆ ಎರಡು ಗೆರೆ ಎಳೆದು, ಫೋಟೋ ತೆಗೆದು ಮ್ಯಾಡಂಗೆ ಕಳಿಸಿದೆ. "ಬಹಳ ಚೆನ್ನಾಗಿದೆ" ಎಂದು ಉತ್ತರ ಬಂತು. ಗಾಳಿ ಹೋಗದ ಆ ಮೂಲೆಯಲ್ಲಿ ಒಬ್ಬಳು ಮಲಗಿದ್ದಾಳೆ, ಅವಳ ಬೆನ್ನ ಕೆಳಗೆ ಕೆಂಡವಿದೆ ಎಂಬುದು ನನ್ನ ಕಣ್ಣ ಮುಂದೆಯೇ ಇತ್ತು. ನಮ್ಮ ಪೆಟ್ಟಿಗೆಗಳು ಉಸಿರಿನ ಗಾಳಿಯನ್ನಷ್ಟೇ ಅಳೆಯುತ್ತಿದ್ದವು. ಕೆಂಡದಿಂದ ಹುಟ್ಟುವ, ಬಣ್ಣವೂ ವಾಸನೆಯೂ ಇಲ್ಲದ ವಿಷಗಾಳಿಯನ್ನು ಅವು ತೋರಿಸುತ್ತಿರಲಿಲ್ಲ. ಆದರೆ ಬಿ.ಎಸ್ಸಿ. ಓದಿದವಳಿಗೆ ಅದನ್ನು ಪೆಟ್ಟಿಗೆ ಹೇಳಬೇಕಾಗಿರಲಿಲ್ಲ.

ಮೂರನೆಯ ದಿನ ಸಂಕ್ರಮಣದ ಹಿಂದಿನ ದಿನ. ನನಗೆ ಹಬ್ಬಕ್ಕೆ ಮನೆ ಸೇರುವ ಅವಸರ. ಮಧ್ಯಾಹ್ನದ ಬಸ್ಸು ತಪ್ಪಿದರೆ ಮುಂದಿನದು ಸಂಜೆಗೆ. ನಾನು ಹೋದಾಗ ಬಾಳವ್ವ ಮರಿಗಳಿಗೆ ಸೊಪ್ಪು ತರಲು ಹೋಗಿದ್ದಳು. ಮಾಯವ್ವ ಗೋಡೆಗೆ ಒರಗಿ ಕೂಸಿಗೆ ಹಾಲು ಕೊಡುತ್ತಿದ್ದಳು. ನಾನು ಮೂರೂ ಪೆಟ್ಟಿಗೆ ಎತ್ತಿಕೊಂಡು ಚೀಲಕ್ಕೆ ಹಾಕಿದೆ.

"ಮುಗೀತೇನ್ರಿ?" ಅಂದಳು.

"ಮುಗೀತು ಮಾಯವ್ವ. ಬರ್ತೀನಿ."

"ಅತ್ತಿ ಬರೂತನಕ ಕುಂದ್ರಿ. ಚಾ ಮಾಡ್ತಾರ."

"ಬಸ್ ಹೋಗತೈತಿ," ಎಂದು ನಾನು ಹೊರಟುಬಿಟ್ಟೆ. ಕಿಟಕಿ ತೆಗೆಯಿರಿ ಎಂದು ಹೇಳಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಮರೆತೆ. ಅವರ ಮಟ್ಟಿಗೆ ಅದು ದಿನವೂ ಮುಚ್ಚಿಯೇ ಇರುವ ಕಿಟಕಿ ಎಂದು ನನ್ನ ಮನಸ್ಸು ಆಗಲೇ ತೀರ್ಮಾನಿಸಿಬಿಟ್ಟಿತ್ತು. ಹಾಗಿರುವಾಗ ತೆಗೆಯಿರಿ ಎಂದು ಹೇಳುವ ನೆನಪು ಬರುವುದಾದರೂ ಎಲ್ಲಿಂದ?

ಹಬ್ಬ ಮುಗಿದ ಮರುದಿನ ರೇಣುಕಕ್ಕನ ಫೋನು ಬಂತು. ಬಾಳವ್ವ ಮರಿಗಳನ್ನು ಕಾಯಲು ಅಂಗಳದ ಗುಡಿಸಲಲ್ಲಿ ಮಲಗುತ್ತಿದ್ದಳು. ನಸುಕಿನಲ್ಲಿ ಕೂಸು ಒಂದೇ ಸಮನೆ ಅಳುವುದು ಕೇಳಿ ಹೋಗಿ ಬಾಗಿಲು ತಳ್ಳಿದರೆ ಮಾಯವ್ವ ಏಳಲಿಲ್ಲವಂತೆ. ಬಾಗಿಲ ಹತ್ತಿರ ಜೋಳಿಗೆಯಲ್ಲಿದ್ದ ಕೂಸು ಮಾತ್ರ ಚೆನ್ನಾಗಿತ್ತು. ಬಾಳವ್ವ ಒಬ್ಬಳೇ ಸೊಸೆಯನ್ನು ಎತ್ತಿ ಅಂಗಳಕ್ಕೆ ತಂದು ಹಾಕಿ, ವಸ್ತಿಯ ಹೆಂಗಸರನ್ನು ಕೂಗಿದ್ದಳು. ಯಾರದೋ ಗಾಡಿಯಲ್ಲಿ ಹಾಕಿಕೊಂಡು ಮೊದಲು ಜತ್ತಕ್ಕೆ, ಅಲ್ಲಿಂದ ದೊಡ್ಡ ದವಾಖಾನೆಗೆ ಸಾಗಿಸಿದ್ದರು.

ನಾನು ಆ ದವಾಖಾನೆಗೆ ಹೋದಾಗ ಮಾಯವ್ವ ಒಳಗಿದ್ದಳು. ಪಡಸಾಲೆಯಲ್ಲಿ ಬಾಳವ್ವ ಕೂಸನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಒಬ್ಬ ಡಾಕ್ಟರು, ಎರಡು ದಿನದಿಂದ ಮಲಗಿಲ್ಲದವರ ಹಾಗೆ ಕಾಣುತ್ತಿದ್ದವರು, ಬಂದು ಆಕೆಯನ್ನು ಮರಾಠಿಯಲ್ಲಿ ಗದರಿಸತೊಡಗಿದರು. ಸೊಸೆಯನ್ನು ಹೀಗೆ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿ ಬೆಂಕಿ ಇಡುತ್ತೀರಲ್ಲ, ನಿಮ್ಮಂಥ ಅತ್ತೆಯರಿಗೆ ಎಷ್ಟು ಸಲ ಹೇಳಬೇಕು ಎಂದರು. ಅವರ ಮಾತಿನಲ್ಲಿದ್ದದ್ದು ಸಿಟ್ಟಿಗಿಂತ ಸಂಕಟವೇ. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು.

ಬಾಳವ್ವ ತಲೆ ಎತ್ತಿದಳು. ಕುರಿ ಮೇಯಿಸುತ್ತ ಅರ್ಧ ಆಯುಷ್ಯ ಮರಾಠಿ ಸೀಮೆಯಲ್ಲೇ ಕಳೆದವಳು, ಅವಳಿಗೆ ಎಲ್ಲ ತಿಳಿಯುತ್ತಿತ್ತು. ಆದರೆ ಆ ಹೊತ್ತಿಗೆ ಬಾಯಿಗೆ ಬಂದದ್ದು ಕನ್ನಡ.

"ನಾ ದಿನಾ ತಗದಽ ಇಡ್ತಿದ್ನಿರಿ. ಈ ಬಾಯಾರಽ ಮುಚ್ಚಂದ್ರು."

ಡಾಕ್ಟರಿಗೆ ಅರ್ಥವಾಗಲಿಲ್ಲ. ನನ್ನ ಕೊರಳಿನ ಚೀಟಿ ಕಂಡು ನನ್ನ ಕಡೆ ತಿರುಗಿದರು. "ಕಾಯ್ ಮ್ಹಣತಾತ ತ್ಯಾ?" ಏನನ್ನುತ್ತಾರೆ ಅವರು?

ಎರಡೂ ಭಾಷೆ ಬರುತ್ತವೆ ಎಂದೇ ಕೆಲಸಕ್ಕೆ ಸೇರಿದವಳು ನಾನು.

"ಕಾಹೀ ನಾಹೀ," ಅಂದೆ. ಏನಿಲ್ಲ.

ಅವರು ಹೊರಟುಹೋದರು. ಬಾಳವ್ವ ನನ್ನನ್ನು ನೋಡುತ್ತಿದ್ದಳು. ಆಮೇಲೆ ಕೂಸಿನ ಕಡೆ ಮುಖ ತಿರುಗಿಸಿದಳು. ನಾನು ಕೈಯಲ್ಲಿದ್ದ ಬಾಳೆಹಣ್ಣಿನ ಚೀಲವನ್ನು ಅವಳ ಪಕ್ಕದಲ್ಲಿಟ್ಟು ಬಂದೆ.

ಇನ್ನೊಂದು ಅವಕಾಶವೂ ಇತ್ತು. ಒಂದು ವಾರದ ಮೇಲೆ ಮ್ಯಾಡಂ ಫೋನು ಮಾಡಿದರು. ಸುದ್ದಿ ಕೇಳಿ ಅವರೂ ಹೆದರಿದ್ದರು. "ಸುವರ್ಣಾ, ನಿಜ ಹೇಳು. ಆ ಮನೆಯಲ್ಲಿ ಕಿಟಕಿ ಮೊದಲಿನಿಂದ ಮುಚ್ಚಿಯೇ ಇರುತ್ತಿತ್ತು, ಅಲ್ಲವೇ?" ನಾನು ಹೌದೆಂದೆ. ಅವರು ನಿಟ್ಟುಸಿರು ಬಿಟ್ಟದ್ದು ಫೋನಿನಲ್ಲೇ ಕೇಳಿಸಿತು. ಅವರು ನನ್ನನ್ನು ನಂಬಿದರು. ನಾನು ಬಾಳವ್ವನನ್ನು ನಂಬಿರಲಿಲ್ಲ.

ಮಾಯವ್ವ ಉಳಿದಳು. ಎರಡು ವಾರಕ್ಕೆ ಮನೆಗೂ ಬಂದಳು. ಎಲ್ಲರೂ ನಿಶ್ಚಿಂತರಾದರು. ಆಮೇಲೆ ತಿಂಗಳೊಪ್ಪತ್ತಿನಲ್ಲಿ ಅವಳ ನಡಿಗೆ ನಿಧಾನವಾಗತೊಡಗಿತು. ಒಲೆಯ ಮೇಲೆ ಇಟ್ಟದ್ದು ಮರೆಯತೊಡಗಿದಳು, ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಆ ಗಾಳಿಯ ಪೆಟ್ಟು ಕೆಲವರಿಗೆ ಹೀಗೆ ತಡವಾಗಿ ಕಾಣಿಸಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದರಂತೆ. ಇದೆಲ್ಲ ನನಗೆ ರೇಣುಕಕ್ಕನಿಂದ ತಿಳಿಯಿತು. ಮಳೆಗಾಲಕ್ಕೆ ಹಿಂಡು ಊರಿಗೆ ಮರಳಿದಾಗ ಮಾಯವ್ವ ಹಟ್ಟಿಯ ನಡುವೆ ಒಂದು ಮರಿ ಹಿಡಿದುಕೊಂಡು ನಿಂತೇ ಇದ್ದಳು ಎಂದಳು. ಯಾವ ತಾಯಿಯ ಹತ್ತಿರ ಬಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಅದಕ್ಕಿಂತ ಹೆಚ್ಚು ಹೇಳಬೇಡ ಎಂದು ನಾನೇ ರೇಣುಕಕ್ಕನನ್ನು ತಡೆದೆ.

ನನ್ನ ಆರು ತಿಂಗಳು ಮುಗಿದವು. ಜತ್ತದಲ್ಲೇ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ರಕ್ತ ತೆಗೆಯುವುದು, ಅಂಕಿ ಬರೆಯುವುದು. ಒಂದು ಅಂಕಿಯನ್ನು ಎರಡು ಸಲ ನೋಡದೆ ನಾನು ಕೊಡುವುದಿಲ್ಲ ಎಂದು ಅಲ್ಲಿ ನನಗೆ ಒಳ್ಳೆಯ ಹೆಸರಿದೆ. ಅಸಂಗಿ ಕಡೆಯ ಬಸ್ಸನ್ನು ನಾನು ಮತ್ತೆ ಹತ್ತಿರಲಿಲ್ಲ.

ತಂಗಿಯ ಕೋಣೆಯಲ್ಲಿ ಕಿಟಕಿ ತೆರೆದ ಮೇಲೆ, ನಾಲ್ಕು ದಿನ ತಡೆದು, ಹತ್ತಿದೆ.

ಶ್ರಾವಣದ ಸೋನೆ ಬಿದ್ದು ನಿಂತಿತ್ತು. ವಸ್ತಿಯ ಹಿಂಡುಗಳು ಊರಲ್ಲೇ ಇದ್ದವು. ಬಾಳವ್ವ ಅಂಗಳದ ಬೇವಿನ ಗಿಡದ ಕೆಳಗೆ ಕೂತು ಉಣ್ಣೆ ಬಿಡಿಸುತ್ತಿದ್ದಳು. ಐದು ವರ್ಷದಲ್ಲಿ ಬೆನ್ನು ಬಾಗಿತ್ತು. ಅಂಗಳದಲ್ಲಿ ಎರಡು ಒಲೆಗಳಿದ್ದವು, ನಡುವೆ ಮುಳ್ಳುಬೇಲಿ.

"ಆಯಿ, ನಾ ಸುವರ್ಣಾ."

"ಗುರುತ ಸಿಕ್ತು. ಕುಂದ್ರು," ಅಂದಳು. ಬಾಯಾರ ಎನ್ನಲಿಲ್ಲ.

ಕೂತೆ. "ತಪ್ಪ ನಂದ ಆಯಿ. ಕಿಡಕಿ ಮುಚ್ಚಂದಾಕಿ ನಾನು. ತಗೀರಿ ಅಂತ ಹೇಳದ ಹೋದಾಕಿನೂ ನಾನು."

"ಹೂಂ. ನೀ ಹೇಳೂತನಕ ತಗಿಬ್ಯಾಡ ಅಂದಿದ್ದಿ. ಬಂದು ನೋಡಿದ್ರ ನಿನ್ನ ಡಬ್ಬಿ ಇರಲಿಲ್ಲ. ಬಾಯಾರು ಏನಂದ್ರು ಅಂತ ಇಕಿನ್ನ ಕೇಳಿದ್ನಿ, ಏನೂ ಅನ್ನಲಿಲ್ಲ ಅಂದ್ಲು. ಹಬ್ಬ ಮುಗಿಸಿ ಮತ್ತ ಬರಬಹುದು ಅಂತ ಬಿಟ್ನಿ." ಉಣ್ಣೆಯಿಂದ ಒಂದು ಮುಳ್ಳು ತೆಗೆದು ಪಕ್ಕಕ್ಕಿಟ್ಟಳು. "ಸರಕಾರದ ಕೆಲಸ ಕೆಡಬಾರದು ಅಂತ."

"ಯಾರಿಗೂ ಯಾಕ ಹೇಳಲಿಲ್ರಿ ನೀವು?"

ಆಗ ಆಕೆ ಮೊದಲ ಸಲ ನನ್ನ ಮುಖ ನೋಡಿದಳು. "ಹೇಳಿದ್ನಲ್ಲ. ದವಾಖಾನ್ಯಾಗ ಹೇಳಿದ್ನಿ. ನೀ ಕಾಹೀ ನಾಹೀ ಅಂದಿ. ಮಗಾ ಬಂದಿಂದ ಅವಗೂ ಹೇಳಿದ್ನಿ. ಅವಾ ನಂಬಿದ್ದಾ ಮೊದಲ. ಬ್ಯಾಸಗ್ಯಾಗ ನಿಮ್ಮ ಆಫೀಸಿನ ಕಾಗದಾ ಬಂತು. ಎಲ್ಲಾ ಮನಿಗೂ ಕೊಟ್ರಲ್ಲ, ಅದು. ಬೀರಪ್ಪಗ ಮರಾಠಿ ಓದಾಕ ಬರತೈತಿ. ಎಂದಿನಂಗ ಮುಚ್ಚೈತಿ ಅಂತ ಬರದಿತ್ತಂತ. ಅವ್ವಾ, ಹಡದಾಕಿ ಆಗಿ ನನಗಽ ಸುಳ್ಳ ಹೇಳಿದೆಲ್ಲ ಅಂದಾ. ಅವತ್ತ ಒಲಿ ಬ್ಯಾರೆ ಮಾಡಿದಾ. ನನ್ನ ಕೂಡ ಮಾತಾಡಂಗಿಲ್ಲ."

ಆ ಕಾಗದ ಮನೆಮನೆಗೆ ಹೋಗಿದ್ದು ನನಗೆ ಗೊತ್ತಿತ್ತು. ಅದರಲ್ಲಿ ಆ ಸಾಲು ಇರುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. "ಆಯಿ," ಎಂದೆ. ಕಣ್ಣು ಒರೆಸಿಕೊಂಡೆ.

"ನನ್ನ ಮುಂದ ಅತ್ತ ಏ‌ನ ಮಾಡ್ತಿ?" ಅಂದಳು ಬಾಳವ್ವ. "ನನಗೇನು ಗೊತ್ತಿಲ್ಲದ್ದ? ಅವಗ ಹೇಳು, ಹೋಗು."

ಬೀರಪ್ಪ ಬೇಲಿಯ ಆಚೆ ಹಟ್ಟಿಯಲ್ಲಿ ಕುರಿಯೊಂದರ ಗೊರಸಿಗೆ ಔಷಧಿ ಹಚ್ಚುತ್ತಿದ್ದ. ಮೂವತ್ತೈದರ ಆಸುಪಾಸಿನ ದೃಢಕಾಯದ ಮನುಷ್ಯ. ನಾನು ಯಾರೆಂದು ಹೇಳಿದೆ, ನಿಂತುಕೊಂಡೇ ಎಲ್ಲ ಹೇಳಿದೆ. ತೆರೆದ ಕಿಟಕಿ ಕಂಡದ್ದು, ನಂಬದೆ ಬರೆದದ್ದು, ಮುಚ್ಚಿಸಿದ್ದು, ಹೇಳದೆ ಹೋದದ್ದು, ದವಾಖಾನೆಯಲ್ಲಿ ಮಾತು ನುಂಗಿದ್ದು. ಅವನು ಕುರಿಯ ಕಾಲು ಬಿಡದೆ ಕೇಳಿದ. ಮುಗಿದ ಮೇಲೆ ಆ ಕಾಲನ್ನು ಮೆಲ್ಲಗೆ ಕೆಳಗಿಟ್ಟ. ಬೈದಿದ್ದರೆ, ಹೊಡೆಯಲು ಬಂದಿದ್ದರೂ, ನನಗೆ ಹಗುರವಾಗುತ್ತಿತ್ತೇನೋ.

"ಬಾಯಾರ," ಅಂದ ಕೊನೆಗೆ, "ಬಾಯಿಲೆ ನಮ್ಮವ್ವನೂ ಹೇಳಿದ್ಲು. ಬರದು ಕೊಡ್ರಿ."

ಚೀಲದಲ್ಲಿ ಲ್ಯಾಬಿನ ಚೀಟಿಗಳಿದ್ದವು. ಒಂದರ ಹಿಂಬದಿಗೆ ಮರಾಠಿಯಲ್ಲಿ ಬರೆದೆ. ಆ ಮನೆಯ ಕಿಟಕಿ ದಿನವೂ ತೆರೆದಿರುತ್ತಿತ್ತು, ಮುಚ್ಚಿಸಿದವಳು ನಾನು, ಕಾಗದದಲ್ಲಿ ಬರೆದದ್ದು ಸುಳ್ಳು. ಕೆಳಗೆ ಹೆಸರು, ಸಹಿ. ಅವನು ಅದನ್ನು ಒಂದೊಂದೇ ಅಕ್ಷರ ಹಿಡಿದು ಓದಿದ, ಮತ್ತೊಮ್ಮೆ ಓದಿದ. ಔಷಧಿಯ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಬೇಲಿ ಸುತ್ತಿ ಹೋಗಿ ಅವ್ವನ ಮುಂದೆ ನಿಂತ. ಕಾಗದ ಕೈಯಲ್ಲೇ ಇತ್ತು. ನಿಂತೇ ಇದ್ದ. ಬಾಳವ್ವನೂ ತಲೆ ಎತ್ತಲಿಲ್ಲ. ಅವಳ ಕೈ ಮಾತ್ರ ಉಣ್ಣೆಯಲ್ಲಿ ಒಂದೇ ಕಡೆ ಆಡುತ್ತಿತ್ತು.

ಅಲ್ಲಿ ನಿಂತು ನೋಡುವ ಅಧಿಕಾರ ನನಗಿರಲಿಲ್ಲ. ಚೀಲ ಎತ್ತಿಕೊಂಡು ಹೊರಟೆ.

ಒಡ್ಡಿನ ಹತ್ತಿರ ಯಾರೋ ನನ್ನ ಹಿಂದೆ ಬರುವುದು ಕೇಳಿಸಿತು. ಮಾಯವ್ವ. ಒಂದೊಂದೇ ಹೆಜ್ಜೆ ನೋಡಿಕೊಂಡು ಇಡುತ್ತಿದ್ದಳು. ಮುಖ ಅದೇ, ಸ್ವಲ್ಪ ತುಂಬಿಕೊಂಡಿತ್ತು. ಮನೆಗೆ ಬಂದವರನ್ನು ಹಾದಿಯವರೆಗೆ ಕಳಿಸಿಕೊಡಬೇಕೆಂಬುದು ಅವಳಿಗೆ ಮರೆತಿರಲಿಲ್ಲ.

"ನೀವ್ಯಾರ್ರಿ ಬಾಯಾರ?" ಅಂದಳು.

"ನಾ ಸುವರ್ಣಾ, ಮಾಯವ್ವ. ಹಿಂದಕ್ಕ ನಿಮ್ಮ ಮನಿ ಗಾಳಿ ಅಳಿಯಾಕ ಬಂದಿದ್ನಿ."

ಅವಳು ನೆನಪಿಸಿಕೊಳ್ಳಲು ನೋಡಿದಳು. ಆಗಲಿಲ್ಲ. ಹೊಸ ಸುದ್ದಿ ಕೇಳಿದವಳಂತೆ ನಕ್ಕಳು. "ಹೌದೇನ್ರಿ? ಹೆಂಗಿತ್ರಿ ನಮ್ಮ ಮನಿ ಗಾಳಿ?"

"ಚಲೋ ಇತ್ತು," ಅಂದೆ. "ನಿಮ್ಮತ್ತಿ ದಿನಾ ಕಿಡಕಿ ತಗದ ಇಡ್ತಿದ್ರು."